ನಮಗೆ ಮೊದಲೇ ಹೇಳಬೇಕಿತ್ತು

ಸಂಪಾದಕರಿಗೆ ನಮಸ್ಕಾರ,

ಬ್ರಿಟನ್ನಿನ ಹೆಂಗಸರ ಪೆನ್ಷನ್ ವಿಷಯ ಈ ತಿಂಗಳು ನಿಮ್ಮ ವಿದೇಶ ಪುಟದಲ್ಲಿ ನಾಲ್ಕು ಸಾಲು ಬಂದಿತ್ತು. ಶಿವಮೊಗ್ಗದಿಂದ ನನ್ನ ತಂಗಿ ಅದರ ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ಕಳಿಸಿ, 'ಅಕ್ಕಾ, ಇದು ನಿನ್ನ ವಿಷಯವೇ ಅಲ್ವಾ?' ಎಂದು ಕೇಳಿದಳು. ಹೌದು, ನನ್ನ ವಿಷಯವೇ. ನಾನು ತೀರ್ಥಹಳ್ಳಿ ಕಡೆಯವಳು, 1955ರ ಜೂನ್‌ನಲ್ಲಿ ಹುಟ್ಟಿದವಳು, 1979ರಿಂದ ಇಂಗ್ಲೆಂಡಿನ ಲೆಸ್ಟರ್‌ನಲ್ಲಿದ್ದೇನೆ. ಆ ಸುದ್ದಿಯ ತಲೆಬರಹದಲ್ಲಿ 'ಸಮಾನ ನಿವೃತ್ತಿ ವಯಸ್ಸಿಗೆ ಮಹಿಳೆಯರ ವಿರೋಧ' ಎಂದಿತ್ತು. ಅದು ಸರಿಯಲ್ಲ. ನಮ್ಮ ದೂರು ಪೆನ್ಷನ್ ವಯಸ್ಸು ಏರಿಸಿದ್ದಕ್ಕಲ್ಲ, ಏರಿಸುವುದನ್ನು ನಮಗೆ ಮೊದಲೇ ತಿಳಿಸದೆ ಇದ್ದುದಕ್ಕೆ. ಆ ತಲೆಬರಹ ಓದಿದವರು 'ಸಮಾನತೆ ಬೇಕು ಅಂದವರೂ ಇವರೇ, ಈಗ ಬೇಡ ಅನ್ನುವವರೂ ಇವರೇ' ಎಂದುಕೊಳ್ಳುತ್ತಾರೆ. ನನ್ನ ಸೋದರಮಾವನ ಮಗನೇ ಹಾಗೆ ಬರೆದು ಕಳಿಸಿದ. ಅದಕ್ಕೇ ಈ ಪತ್ರ ಬರೆಯಬೇಕಾಯಿತು. ಸ್ವಲ್ಪ ಉದ್ದವಾಗಿದೆ, ಆದರೆ ದಯವಿಟ್ಟು ಪೂರ್ತಿ ಹಾಕಿ.

ಇಲ್ಲಿ ಸ್ಟೇಟ್ ಪೆನ್ಷನ್ ಎಂದರೆ ಸರ್ಕಾರಿ ನೌಕರರಿಗೆ ಮಾತ್ರ ಸಿಗುವುದಲ್ಲ. ಗಾರ್ಮೆಂಟ್ಸ್‌ನಲ್ಲಿ ದುಡಿದವರಿಗೂ, ಅಂಗಡಿಯಲ್ಲಿ ನಿಂತವರಿಗೂ, ಸ್ಕೂಲಿನಲ್ಲಿ ಪಾತ್ರೆ ತೊಳೆದವರಿಗೂ ಬರುತ್ತದೆ. ಸಂಬಳದಲ್ಲಿ ನ್ಯಾಷನಲ್ ಇನ್ಶೂರೆನ್ಸ್ ಅಂತ ಹಿಡಿಯುತ್ತಾರೆ, ಹಳಬರು ಅದನ್ನು ಈಗಲೂ ಸ್ಟಾಂಪ್ ಎನ್ನುತ್ತಾರೆ. ಎಷ್ಟು ವರ್ಷ ಸ್ಟಾಂಪ್ ಕಟ್ಟಿದ್ದೀರಿ ಎನ್ನುವುದರ ಮೇಲೆ ಪೆನ್ಷನ್ ಲೆಕ್ಕವಾಗುತ್ತದೆ. ಗಂಡಸರಿಗೆ 65ಕ್ಕೆ, ಹೆಂಗಸರಿಗೆ 60ಕ್ಕೆ. 1940ರಿಂದ ಹೀಗೇ ಇತ್ತು. ಅದಕ್ಕೂ ಹಿಂದೆ ಇಬ್ಬರಿಗೂ 65 ಇದ್ದದ್ದು. ಬ್ರಾಡ್‌ಫರ್ಡ್‌ನ ಫ್ಲಾರೆನ್ಸ್ ವೈಟ್ ಎನ್ನುವವರು 1935ರಲ್ಲಿ ಮದುವೆಯಾಗದ ಹೆಂಗಸರ ಸಂಘ ಕಟ್ಟಿ 55ಕ್ಕೇ ಪೆನ್ಷನ್ ಕೊಡಿ ಎಂದು ಕೇಳಿದ್ದರು. ಕೊನೆಗೆ ಸಿಕ್ಕಿದ್ದು 60.

ನಮ್ಮ ಕಾಲದ ಹೆಂಗಸರೆಲ್ಲ ಆ ಅರವತ್ತನ್ನು ಮನಸ್ಸಿನಲ್ಲಿಟ್ಟುಕೊಂಡೇ ಬದುಕಿದ್ದು. ನಾನು ಮೊದಲು ಕೆಲಸ ಮಾಡಿದ್ದು ಇಲ್ಲಿನ ಒಂದು ಹೊಸೈರಿ ಕಾರ್ಖಾನೆಯಲ್ಲಿ. ಲೆಸ್ಟರ್ ಎಂದರೆ ಆಗ ಕಾಲುಚೀಲ, ಸ್ವೆಟರ್‌ಗಳ ಊರು. ಸೇರಿದ ಮೊದಲ ವಾರವೇ ಪಕ್ಕದ ಮೆಷಿನ್ನಿನ ಹೆಂಗಸು ಹೇಳಿದ್ದಳು, ಹಾಜರಿ ತಪ್ಪಿಸಬೇಡ, ಸ್ಟಾಂಪ್ ಬಿಡಬೇಡ, ಅರವತ್ತಕ್ಕೆ ಆರಾಮಾಗಿ ಮನೆಯಲ್ಲಿರಬಹುದು ಅಂತ. ಆ ಮಾತು ನನ್ನ ತಲೆಯಲ್ಲಿ ಎಷ್ಟು ಗಟ್ಟಿಯಾಗಿ ಕೂತಿತ್ತು ಎಂದರೆ, ಅದು ಬದಲಾಗಬಹುದು ಎಂದು ಕನಸಿನಲ್ಲೂ ಅಂದುಕೊಂಡಿರಲಿಲ್ಲ.

1995ರಲ್ಲಿ ಅದು ಬದಲಾಯಿತು. ಹೆಂಗಸರ ವಯಸ್ಸನ್ನೂ 65ಕ್ಕೆ ತರಬೇಕು, 2010ರಿಂದ ಶುರು ಮಾಡಿ 2020ರೊಳಗೆ ನಿಧಾನವಾಗಿ ಏರಿಸಬೇಕು ಎಂದು ಪಾರ್ಲಿಮೆಂಟ್ ಕಾನೂನು ಮಾಡಿತು. ಇದರಲ್ಲಿ ನನಗೆ ತಕರಾರಿಲ್ಲ, ನಮ್ಮಲ್ಲಿ ಜಾಸ್ತಿ ಜನಕ್ಕೆ ತಕರಾರಿಲ್ಲ. ಹೆಂಗಸರು ಹೆಚ್ಚು ಕಾಲ ಬದುಕುತ್ತಾರೆ, ಗಂಡು ಹೆಣ್ಣಿಗೆ ಒಂದೇ ವಯಸ್ಸು ಇರಲಿ, ಸರಿ. ಹದಿನೈದು ವರ್ಷ ಮುಂಚೆ ಕಾನೂನು ಮಾಡಿದ್ದೂ ಒಳ್ಳೆಯದೇ. ಆದರೆ ಆ ಹದಿನೈದು ವರ್ಷ ಕೊಟ್ಟಿದ್ದು ಯಾಕೆ? ಜನ ತಯಾರಾಗಲಿ ಅಂತ ತಾನೇ? ಯಾರ ಬದುಕು ಬದಲಾಗುತ್ತದೋ ಅವರ ಕಿವಿಗೇ ಬೀಳದಿದ್ದರೆ ತಯಾರಾಗುವುದು ಹೇಗೆ?

ನಮ್ಮೂರಿನಲ್ಲಿ ಕೆರೆಯ ತೂಬು ಎತ್ತುವ ಮುಂಚೆ ತಮಟೆ ಹೊಡೆಸುತ್ತಿದ್ದರು. ಕೇರಿ ಕೇರಿಗೂ ಹೋಗಿ, ಕೊನೆಯ ಮನೆಯ ಮುಂದೆ ನಿಂತು, ನಾಳೆ ಬೆಳಗ್ಗೆ ನೀರು ಬಿಡ್ತಾರೆ, ಗದ್ದೆಯಲ್ಲಿ ಏನಿದ್ದರೂ ತೆಗೆದುಕೊಳ್ಳಿ ಎಂದು ಕೂಗಿ ಹೇಳಬೇಕಿತ್ತು. ಪಂಚಾಯಿತಿ ಪುಸ್ತಕದಲ್ಲಿ ಬರೆದಿದ್ದೇವೆ, ಬೇಕಾದರೆ ಬಂದು ಓದಿಕೊಳ್ಳಲಿ ಎಂದು ಯಾರೂ ಹೇಳುತ್ತಿರಲಿಲ್ಲ. ಇಲ್ಲಿ ಆಗಿದ್ದು ಪುಸ್ತಕದಲ್ಲಿ ಬರೆದದ್ದು ಮಾತ್ರ. ಕರಪತ್ರ ಮಾಡಿದರು, ಕೇಳಿದವರಿಗೆ ಕೊಟ್ಟರು. ಪೇಪರಿನಲ್ಲಿ ಬಂತು, ಆದರೆ ಅದು ಬರುತ್ತಿದ್ದದ್ದು ಹಣಕಾಸಿನ ಪುಟದಲ್ಲಿ. 1995ರಲ್ಲಿ ನನಗೆ 40 ವರ್ಷ, ಇಬ್ಬರು ಮಕ್ಕಳು ಸ್ಕೂಲಿಗೆ ಹೋಗುತ್ತಿದ್ದರು, ನಾನು ಬೆಳಗ್ಗೆ ಒಂದು ಸ್ಕೂಲಿನ ಅಡುಗೆಮನೆಯಲ್ಲಿ, ಸಂಜೆ ಆಫೀಸು ಗುಡಿಸುವ ಕೆಲಸದಲ್ಲಿ. ಹಣಕಾಸಿನ ಪುಟ ತೆರೆಯುವಷ್ಟು ಪುರುಸೊತ್ತು ಯಾವ ದಿನ ಇತ್ತೋ ನೆನಪಿಲ್ಲ. ನನಗೆ ಬಿಡಿ, ಇಂಗ್ಲಿಷ್ ಹುಟ್ಟುಮಾತಾಗಿದ್ದ ನನ್ನ ಜೊತೆ ಕೆಲಸದವರಿಗೂ ಗೊತ್ತಿರಲಿಲ್ಲ.

ಸುಮ್ನೆ ನಮ್ಮ ನೆನಪಿನ ಮೇಲೆ ಹೇಳುತ್ತಿಲ್ಲ. ಸರ್ಕಾರದ್ದೇ ಒಂದು ಸಮೀಕ್ಷೆ 2004ರಲ್ಲಿ ಹೊರಬಂತು. ಬದಲಾವಣೆ ತಟ್ಟುವ ಹೆಂಗಸರಲ್ಲಿ ತನ್ನ ಪೆನ್ಷನ್ ವಯಸ್ಸು ಎಷ್ಟೆಂದು ಸರಿಯಾಗಿ ಹೇಳಿದವರು ನೂರಕ್ಕೆ 43 ಜನ. ಅಂದರೆ ಅರ್ಧಕ್ಕಿಂತ ಜಾಸ್ತಿ ಜನಕ್ಕೆ ಗೊತ್ತಿಲ್ಲ ಎಂದು ಕೆಲಸ ಮತ್ತು ಪಿಂಚಣಿ ಇಲಾಖೆಯ ಕೈಯಲ್ಲೇ ಕಾಗದ ಇತ್ತು. ಆದರೂ ಒಬ್ಬೊಬ್ಬರ ಹೆಸರಿಗೂ ಪತ್ರ ಬರೆಯಲು ಶುರು ಮಾಡಿದ್ದು 2009ರ ಏಪ್ರಿಲ್‌ನಲ್ಲಿ. ಅದೂ ಹಿರಿಯರಿಂದ ಶುರು ಮಾಡಿ, 1953ರ ಏಪ್ರಿಲ್‌ಗೆ ಮುಂಚೆ ಹುಟ್ಟಿದವರವರೆಗೆ ಬಂದು, 2011ರಲ್ಲಿ ನಿಂತಿತು. ಯಾಕೆಂದರೆ ಅಷ್ಟರಲ್ಲಿ ಹೊಸ ಸರ್ಕಾರ ಬಂದು ಕಾನೂನನ್ನು ಇನ್ನೊಮ್ಮೆ ಬದಲಿಸುತ್ತಿತ್ತು.

2011ರ ಕಾನೂನಿನ ಬಗ್ಗೆ ನನಗೆ ಹೆಚ್ಚು ಸಿಟ್ಟಿದೆ. ಹೆಂಗಸರಿಗೆ 65 ಆಗುವುದನ್ನು 2018ರ ನವೆಂಬರ್‌ಗೇ ಎಳೆದು ತಂದು, ಆಮೇಲೆ 2020ರ ಅಕ್ಟೋಬರ್ ಹೊತ್ತಿಗೆ ಗಂಡಸರಿಗೂ ಹೆಂಗಸರಿಗೂ 66 ಮಾಡಿದರು. ಮೊದಲ ಸಲ ನಿಧಾನವಾಗಿ ಏರಿಸುತ್ತೇವೆ ಎಂದವರು ಈ ಸಲ ಕೆಲವರಿಗೆ ಒಂದೇ ಏಟಿಗೆ ಒಂದೂವರೆ ವರ್ಷ ಏರಿಸಿಬಿಟ್ಟರು. ಒಂದು ಉದಾಹರಣೆ ಕೊಡುತ್ತೇನೆ, ನೀವೇ ನೋಡಿ. 1953ರ ಮಾರ್ಚ್ ಕೊನೆಯಲ್ಲಿ ಹುಟ್ಟಿದ ಹೆಂಗಸಿಗೆ ಪೆನ್ಷನ್ ಶುರುವಾಗಿದ್ದು 2016ರ ಮಾರ್ಚ್‌ನಲ್ಲಿ. ಅವಳಿಗಿಂತ ಸರಿಯಾಗಿ ಒಂದು ವರ್ಷ ಚಿಕ್ಕವಳಾದ, 1954ರ ಮಾರ್ಚ್ ಕೊನೆಯಲ್ಲಿ ಹುಟ್ಟಿದ ಹೆಂಗಸಿಗೆ ಶುರುವಾಗಿದ್ದು 2019ರ ಸೆಪ್ಟೆಂಬರ್‌ನಲ್ಲಿ. ಹುಟ್ಟಿದ್ದರಲ್ಲಿ ಒಂದು ವರ್ಷದ ಅಂತರ, ಪೆನ್ಷನ್‌ನಲ್ಲಿ ಮೂರೂವರೆ ವರ್ಷದ ಅಂತರ. ಅಕ್ಕ ತಂಗಿ ಒಂದೇ ಕಾರ್ಖಾನೆಯಲ್ಲಿ ದುಡಿದಿದ್ದರೆ ಅವರ ಪಾಡು ಏನಾಗಿರಬೇಕು ಹೇಳಿ.

ಈಗ ನನ್ನ ಕಥೆ. 2008ರಲ್ಲಿ ನಮ್ಮ ಯಜಮಾನರ ಕಿಡ್ನಿ ಕೆಟ್ಟಿತು, ವಾರಕ್ಕೆ ಮೂರು ದಿನ ಡಯಾಲಿಸಿಸ್. ಆಗ ನಾನು ಒಂದು ಆಸ್ಪತ್ರೆಯ ವಾರ್ಡಿನಲ್ಲಿ ಸಹಾಯಕಿ. ಇಬ್ಬರೂ ಅಡುಗೆಮನೆಯ ಮೇಜಿನ ಮೇಲೆ ಲೆಕ್ಕ ಹಾಕಿದೆವು. 2015ರ ಜೂನ್‌ಗೆ ನನಗೆ ಪೆನ್ಷನ್ ಬರುತ್ತದೆ, ಏಳು ವರ್ಷ ಹೇಗೋ ತಳ್ಳಬಹುದು, ಅಲ್ಲಿಯವರೆಗೆ ಉಳಿಸಿದ ದುಡ್ಡು ಸಾಕು ಎಂದು ನಾನು ಕೆಲಸವನ್ನು ವಾರಕ್ಕೆ ಎರಡೂವರೆ ದಿನಕ್ಕೆ ಇಳಿಸಿಕೊಂಡೆ. ಸಂಬಳ ಅರ್ಧವಾಯಿತು. ಆ ನಿರ್ಧಾರ ಮಾಡಿದ ದಿನ, ನನ್ನ ಪೆನ್ಷನ್ ವಯಸ್ಸು 65 ಎಂದು ಕಾನೂನಾಗಿ ಆಗಲೇ 13 ವರ್ಷ ಆಗಿತ್ತು. ನಮಗಿಬ್ಬರಿಗೂ ಗೊತ್ತಿರಲಿಲ್ಲ.

ಗೊತ್ತಾಗಿದ್ದು 2012ರಲ್ಲಿ, ಒಂದು ಪತ್ರ ಬಂದಾಗ. 1995ರ ಬದಲಾವಣೆ, 2011ರ ಬದಲಾವಣೆ ಎರಡೂ ನನಗೆ ಒಂದೇ ದಿನ, ಒಂದೇ ಪತ್ರದಲ್ಲಿ ಗೊತ್ತಾಯಿತು. 60 ಅಲ್ಲ, 65 ಅಲ್ಲ, 66. 2015 ಅಲ್ಲ, 2021. ಮುದ್ರಣ ತಪ್ಪಿರಬೇಕು ಎಂದು ಯಜಮಾನರು ಎರಡು ಸಲ ಓದಿದರು. ಮರುದಿನ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಹೇಳಿದರೆ, ಅಲ್ಲಿ ಕೂತಿದ್ದ ನನ್ನ ವಯಸ್ಸಿನ ಐದು ಜನರಲ್ಲಿ ಇಬ್ಬರಿಗೆ ನನ್ನಿಂದಲೇ ಮೊದಲು ಗೊತ್ತಾಗಿದ್ದು.

ಯಜಮಾನರು 2014ರಲ್ಲಿ ಹೋದರು. ನಾನು 58ನೇ ವಯಸ್ಸಿಗೆ ಮತ್ತೆ ಪೂರ್ತಿ ಕೆಲಸ ಕೇಳಿದೆ. ನನ್ನ ಜಾಗ ಬೇರೆಯವರಿಗೆ ಹೋಗಿತ್ತು, ರಾತ್ರಿ ಪಾಳಿ ಮಾತ್ರ ಇದೆ ಎಂದರು, ಒಪ್ಪಿಕೊಂಡೆ. ಅರವತ್ತಾದ ಮೇಲೆ ಊರಿಗೆ ಬಂದು ಒಂದಾರು ತಿಂಗಳು ಅಮ್ಮನ ಹತ್ತಿರ ಇರಬೇಕು ಎಂದು ವರ್ಷಗಳಿಂದ ಹೇಳಿಕೊಂಡು ಬಂದಿದ್ದೆ. ಫೋನ್ ಮಾಡಿದಾಗಲೆಲ್ಲ ಅಮ್ಮ, 'ನಿಂಗೆ ರಿಟೈರ್ ಆಗೋದು ಯಾವಾಗ ಮಗಾ?' ಎಂದು ಕೇಳುತ್ತಿದ್ದಳು. 2017ರ ಮಳೆಗಾಲದಲ್ಲಿ ಅಮ್ಮ ತೀರಿಕೊಂಡಳು. ನಾನು ಹೋಗಿದ್ದು ಹನ್ನೊಂದನೇ ದಿನಕ್ಕೆ, ಇದ್ದದ್ದು ಎರಡು ವಾರ. ಇದಕ್ಕೆ ಯಾವ ಪರಿಹಾರವೂ ಇಲ್ಲ, ನಾನು ಕೇಳುತ್ತಲೂ ಇಲ್ಲ. ಆದರೆ 1995ರಲ್ಲೋ, 2000ದಲ್ಲೋ, ಹೋಗಲಿ 2006ರಲ್ಲಾದರೂ ಒಂದು ಪತ್ರ ಬಂದಿದ್ದರೆ ನಾನು ಕೆಲಸದ ದಿನ ಇಳಿಸಿಕೊಳ್ಳುತ್ತಿರಲಿಲ್ಲ, ನಾಲ್ಕು ಕಾಸು ಜಾಸ್ತಿ ಉಳಿಸುತ್ತಿದ್ದೆ, ಅಮ್ಮನ ಹತ್ತಿರ ಮೊದಲೇ ಹೋಗಿ ಬರುತ್ತಿದ್ದೆ.

ದುಡ್ಡಿನ ಲೆಕ್ಕವನ್ನೂ ಹೇಳುತ್ತೇನೆ. 2016ರಲ್ಲಿ ಪೂರ್ತಿ ಪೆನ್ಷನ್ ವಾರಕ್ಕೆ 155.65 ಪೌಂಡ್ ಇತ್ತು. ಅದೇ ದರದಲ್ಲಿ ಹಿಡಿದರೂ ಆರು ವರ್ಷಕ್ಕೆ 48 ಸಾವಿರ ಪೌಂಡಿಗೂ ಜಾಸ್ತಿ. ಇದನ್ನು ವಾಪಸ್ ಕೊಡಿ ಎಂದು ಕೇಳಿದವರೂ ಇದ್ದಾರೆ. ಅವರು ಕೋರ್ಟಿಗೆ ಹೋಗಿ 2019ರಲ್ಲಿ ಹೈಕೋರ್ಟಿನಲ್ಲಿ ಸೋತರು, 2020ರಲ್ಲಿ ಮೇಲ್ಮನವಿಯಲ್ಲೂ ಸೋತರು. ಹೆಂಗಸರ ಕಥೆಗಳನ್ನು ಓದಿ ನಮಗೂ ಬೇಸರವಾಗಿದೆ, ಆದರೆ ಕಾನೂನಿನಲ್ಲಿ ತಾರತಮ್ಯ ಕಾಣುತ್ತಿಲ್ಲ ಎಂದು ಜಡ್ಜ್‌ಗಳು ಹೇಳಿದರು. ಆ ತೀರ್ಪನ್ನು ನಾನು ಒಪ್ಪುತ್ತೇನೆ.

2015ರಲ್ಲಿ ಐದು ಜನ ಹೆಂಗಸರು ಸೇರಿ ಶುರು ಮಾಡಿದ ವಾಸ್ಪಿ ಎನ್ನುವ ಸಂಘದ ಬೇಡಿಕೆ ಬೇರೆ. 60 ವಾಪಸ್ ಬೇಡ, ನಮಗೆ ಸರಿಯಾಗಿ ತಿಳಿಸದೆ ಇದ್ದುದಕ್ಕೆ ಪರಿಹಾರ ಕೊಡಿ. ಇಷ್ಟೇ. ನಾನಿರುವುದು ಈ ಸಂಘದಲ್ಲಿ. ನಿಮ್ಮ ಸುದ್ದಿಯಲ್ಲಿ ಎರಡನ್ನೂ ಒಂದೇ ಮಾಡಿಬಿಟ್ಟಿದ್ದೀರಿ.

ಮತ್ತೆ ಇದು ನಮ್ಮ ಗೊಣಗಾಟ ಅಷ್ಟೇ ಅಲ್ಲ. ಇಲ್ಲಿ ಪಾರ್ಲಿಮೆಂಟಿನ ಒಂಬುಡ್ಸ್‌ಮನ್ ಇದ್ದಾರೆ, ನಮ್ಮ ಲೋಕಾಯುಕ್ತದ ಹಾಗೆ ಅಂದುಕೊಳ್ಳಿ, ಸರ್ಕಾರಿ ಇಲಾಖೆಗಳ ಬಗ್ಗೆ ಜನರ ದೂರು ಕೇಳುವ ಹುದ್ದೆ. ವರ್ಷಗಟ್ಟಲೆ ತನಿಖೆ ಮಾಡಿ 2021ರ ಜುಲೈನಲ್ಲಿ ಅವರು ಹೇಳಿದ್ದು: 2005ರಿಂದ ಇಲಾಖೆಯ ಆಡಳಿತದಲ್ಲಿ ಲೋಪ ಆಗಿದೆ, ಪತ್ರಗಳು 2006ರ ಡಿಸೆಂಬರ್‌ನಲ್ಲೇ ಹೊರಡಬೇಕಿತ್ತು, 28 ತಿಂಗಳು ತಡವಾಗಿದೆ. 2024ರ ಮಾರ್ಚ್ 21ರಂದು ಕೊನೆಯ ವರದಿ ಬಂತು. ತಲಾ 1,000ದಿಂದ 2,950 ಪೌಂಡ್‌ವರೆಗೆ ಪರಿಹಾರ ಕೊಡಬೇಕು ಎಂದು ಅದರಲ್ಲಿ ಹೇಳಿದರು. ನಮ್ಮ ದುಡ್ಡಿನಲ್ಲಿ ಹತ್ತಿರ ಹತ್ತಿರ ಒಂದು ಲಕ್ಷದ ಮೇಲಿಂದ ಮೂರೂವರೆ ಲಕ್ಷದವರೆಗೆ. 2025ರಲ್ಲಿ ಪೂರ್ತಿ ಪೆನ್ಷನ್ ವಾರಕ್ಕೆ 230.25 ಪೌಂಡ್ ಇತ್ತು, ಹಾಗಾಗಿ ಅವರು ಹೇಳಿದ ಅತಿ ಹೆಚ್ಚಿನ ಮೊತ್ತವೇ 13 ವಾರದ ಪೆನ್ಷನ್‌ನಷ್ಟೂ ಆಗುವುದಿಲ್ಲ. ಆರು ವರ್ಷದ ಎದುರು 13 ವಾರ. ಅದನ್ನೂ ನಾವು ಒಪ್ಪಿಕೊಳ್ಳಲು ತಯಾರಿದ್ದೆವು. ಇಲಾಖೆ ತಾನಾಗಿ ಕೊಡುವ ಹಾಗೆ ಕಾಣುವುದಿಲ್ಲ ಎಂದು ಒಂಬುಡ್ಸ್‌ಮನ್ ವರದಿಯನ್ನು ನೇರ ಪಾರ್ಲಿಮೆಂಟಿನ ಮುಂದಿಟ್ಟರು.

ಆ ಅನುಮಾನ ನಿಜವಾಯಿತು. 2024ರ ಡಿಸೆಂಬರ್ 17ರಂದು ಆ ಇಲಾಖೆಯ ಆಗಿನ ಸಚಿವೆ ಲಿಜ್ ಕೆಂಡಾಲ್ ಸದನದಲ್ಲಿ ಎದ್ದು ನಿಂತು 28 ತಿಂಗಳ ತಡಕ್ಕೆ ಕ್ಷಮೆ ಕೇಳಿದರು, ಪರಿಹಾರ ಕೊಡುವುದಿಲ್ಲ ಎಂದರು. ಪೂರ್ತಿ ಕೊಟ್ಟರೆ 10.5 ಬಿಲಿಯನ್ ಪೌಂಡ್‌ವರೆಗೆ ಆಗುತ್ತದೆ, ತೆರಿಗೆ ಕಟ್ಟುವವರಿಗೆ ಅನ್ಯಾಯ ಎಂದರು. ಬಾಧಿತರು ಸುಮಾರು 36 ಲಕ್ಷ ಜನ, ಮೊತ್ತ ದೊಡ್ಡದೇ, ನಾನು ಇಲ್ಲ ಎನ್ನುವುದಿಲ್ಲ. ಆದರೆ ನಾವೂ ತೆರಿಗೆ ಕಟ್ಟಿದವರೇ ಅಲ್ವಾ? ನಾನು 1979ರಿಂದ ಕಟ್ಟಿದ್ದೇನೆ. ಈ ಲೇಬರ್ ಪಕ್ಷದವರು ಅಧಿಕಾರಕ್ಕೆ ಬರುವ ಮುಂಚೆ ನಮ್ಮವರ ಜೊತೆ ನಿಂತು ಫೋಟೋ ತೆಗೆಸಿಕೊಂಡಿದ್ದರು, ಆ ಸಚಿವೆಯೂ ತೆಗೆಸಿಕೊಂಡಿದ್ದರು. 2019ರ ಚುನಾವಣೆಯಲ್ಲಿ 58 ಬಿಲಿಯನ್ ಪೌಂಡ್ ಕೊಡುತ್ತೇವೆ ಎಂದಿದ್ದ ಪಕ್ಷ ಇದು. ನಾನು ಅವರಿಗೇ ವೋಟು ಹಾಕಿದ್ದು. ಆ ದಿನ ಟಿವಿ ಮುಂದೆ ಕೂತು ಅತ್ತಿದ್ದು ದುಡ್ಡಿಗಲ್ಲ.

ಅವರು ಕೊಟ್ಟ ಕಾರಣ ಎರಡು. ಒಂದು, 2006ರ ಸಮೀಕ್ಷೆಯ ಪ್ರಕಾರ ನೂರಕ್ಕೆ 90 ಹೆಂಗಸರಿಗೆ ವಿಷಯ ಗೊತ್ತಿತ್ತು. ಆದರೆ ಆ ಸಮೀಕ್ಷೆಯಲ್ಲಿ ಕೇಳಿದ್ದು ಪೆನ್ಷನ್ ವಯಸ್ಸು ಮುಂದೆ ಬದಲಾಗುತ್ತದೆ ಎನ್ನುವುದು ಗೊತ್ತಾ ಎಂದು. ಎಲ್ಲೋ ಏನೋ ಬದಲಾಗುತ್ತಿದೆ ಎಂದು ಗೊತ್ತಿರುವುದಕ್ಕೂ, ನನಗೆ ಯಾವ ವರ್ಷ ಯಾವ ತಿಂಗಳು ಬರುತ್ತದೆ ಎಂದು ಗೊತ್ತಿರುವುದಕ್ಕೂ ಎಷ್ಟು ದೂರ ಇದೆ! ಎರಡನೆಯದು, ಪತ್ರ ಕಳಿಸಿದ್ದರೂ ನಾಲ್ವರಲ್ಲಿ ಒಬ್ಬರು ಮಾತ್ರ ಓದಿ ನೆನಪಿಟ್ಟುಕೊಳ್ಳುತ್ತಾರೆ, ಅದಕ್ಕೇ ಪತ್ರ ಬೇಗ ಬಂದಿದ್ದರೂ ಹೆಚ್ಚೇನೂ ಆಗುತ್ತಿರಲಿಲ್ಲ. ಈ ಮಾತು ನನಗೆ ತುಂಬಾ ನೋವು ಕೊಟ್ಟಿತು. ಈ ದೇಶದಲ್ಲಿ ತೆರಿಗೆ ಬಾಕಿ ಇದ್ದರೆ ಪತ್ರ ಬರುತ್ತದೆ, ಟಿವಿ ಲೈಸೆನ್ಸ್ ಮುಗಿದರೆ ಪತ್ರ ಬರುತ್ತದೆ, ಓದಲಿಲ್ಲ ಎಂದರೆ ದಂಡ ಹಾಕುತ್ತಾರೆ. 2012ರಲ್ಲಿ ಬಂದ ಆ ಪತ್ರ ಇವತ್ತಿಗೂ ನನ್ನ ಬೀರುವಿನಲ್ಲಿ ಯಜಮಾನರ ಕಾಗದಗಳ ಜೊತೆಗೆ ಇದೆ.

ನಮ್ಮ ಕಾಲದ ಹೆಂಗಸರಿಗೆ ಈ ಸರ್ಕಾರಿ ಪೆನ್ಷನ್ ಬಿಟ್ಟರೆ ಬೇರೆ ಗತಿ ಇರಲಿಲ್ಲ ಎನ್ನುವುದನ್ನೂ ಈಗಿನವರು ತಿಳಿಯಬೇಕು. ಗಂಡಿಗೂ ಹೆಣ್ಣಿಗೂ ಒಂದೇ ಕೂಲಿ ಎನ್ನುವ ಕಾನೂನು ಇಲ್ಲಿ ಜಾರಿಗೆ ಬಂದಿದ್ದು 1975ರ ಕೊನೆಗೆ. ಅರ್ಧ ದಿನ ಕೆಲಸ ಮಾಡುವವರನ್ನು ಕಂಪನಿಯ ಪೆನ್ಷನ್‌ಗೆ ಎಷ್ಟೋ ಕಡೆ ಸೇರಿಸಿಕೊಳ್ಳುತ್ತಲೇ ಇರಲಿಲ್ಲ, ಮಕ್ಕಳಿರುವ ಹೆಂಗಸರು ಮಾಡುತ್ತಿದ್ದುದು ಆ ಅರ್ಧ ದಿನದ ಕೆಲಸವನ್ನೇ. 1977ಕ್ಕೆ ಮುಂಚೆ ಮದುವೆಯಾದ ಹೆಂಗಸರು ಕಡಿಮೆ ಸ್ಟಾಂಪ್ ಕಟ್ಟಬಹುದಿತ್ತು, ಗಂಡನ ಹೆಸರಲ್ಲಿ ಪೆನ್ಷನ್ ಬರುತ್ತದೆ ಎಂದು ನಂಬಿ ಅದಕ್ಕೆ ಸಹಿ ಹಾಕಿದವರು ನಮ್ಮ ಬೀದಿಯಲ್ಲೇ ಇದ್ದಾರೆ. ಅಂಥವರಿಗೆ ಐದಾರು ವರ್ಷ ಮುಂದಕ್ಕೆ ಹೋಗುವುದೆಂದರೆ ಏನು? ನನ್ನ ಪಕ್ಕದ ಮನೆಯವರು 62ನೇ ವಯಸ್ಸಿನಲ್ಲಿ ಮಂಡಿ ನೋವಿನಲ್ಲೂ ಜಾಬ್‌ಸೆಂಟರ್ ಎನ್ನುವ ಸರ್ಕಾರಿ ಉದ್ಯೋಗ ಕಚೇರಿಗೆ ಹೋಗಿ, ಈ ವಾರ ಎಷ್ಟು ಕಡೆ ಅರ್ಜಿ ಹಾಕಿದೆ ಎಂದು ಇಪ್ಪತ್ತೈದು ವರ್ಷದ ಹುಡುಗನ ಮುಂದೆ ಲೆಕ್ಕ ಒಪ್ಪಿಸಬೇಕಿತ್ತು. ಇಂಗ್ಲೆಂಡಿನ ಬಹಳ ಊರುಗಳಲ್ಲಿ ಉಚಿತ ಬಸ್ ಪಾಸ್ ಕೂಡ ಪೆನ್ಷನ್ ವಯಸ್ಸಿನ ಜೊತೆಗೇ ಮುಂದಕ್ಕೆ ಹೋಯಿತು.

2025ರ ನವೆಂಬರ್ 11ರಂದು ಹೊಸ ಸಚಿವ ಪ್ಯಾಟ್ ಮೆಕ್‌ಫ್ಯಾಡನ್ ಸದನದಲ್ಲಿ ಹೇಳಿದ್ದು ನಿಮ್ಮಲ್ಲಿ ನಾಲ್ಕು ಸಾಲಾಗಿ ಬಂದ ಸುದ್ದಿ. ವಾಸ್ಪಿಯವರು 2024ರ ನಿರ್ಧಾರವನ್ನು ಕೋರ್ಟಿನಲ್ಲಿ ಪ್ರಶ್ನೆ ಮಾಡಿದ್ದರು. ಆ ಕೇಸಿಗೆ ಕಾಗದ ಹುಡುಕುವಾಗ ಇಲಾಖೆಯದ್ದೇ 2007ರ ಒಂದು ವರದಿ ಸಿಕ್ಕಿದೆ, ಹಿಂದಿನ ನಿರ್ಧಾರ ಮಾಡುವಾಗ ಅದು ಸಚಿವರ ಮುಂದೆ ಬಂದಿರಲಿಲ್ಲ, ಹಾಗಾಗಿ ಮತ್ತೊಮ್ಮೆ ಯೋಚನೆ ಮಾಡುತ್ತೇವೆ ಎಂದರು. ಪರಿಹಾರ ಕೊಟ್ಟೇ ಕೊಡುತ್ತೇವೆ ಎಂದು ತಿಳಿಯಬೇಡಿ ಎಂದೂ ಸೇರಿಸಿದರು. ನಮ್ಮವರು ಸಂತೋಷಪಡಬೇಕೋ ಬೇಡವೋ ತಿಳಿಯದೆ ಕೂತಿದ್ದಾರೆ.

ಕರ್ನಾಟಕದಲ್ಲಿರುವ ಓದುಗರಿಗೆ ಇದೆಲ್ಲ ಯಾಕೆ ಅನ್ನಿಸಬಹುದು. ಈ ದೇಶದಲ್ಲಿ ದುಡಿದು ಮೈಸೂರಿಗೋ ಮಂಗಳೂರಿಗೋ ವಾಪಸ್ ಬಂದ ನರ್ಸ್‌ಗಳು, ಡಾಕ್ಟರುಗಳ ಹೆಂಡತಿಯರು, ನನ್ನಂಥವರು ಇದ್ದಾರೆ. ಅವರಿಗೆ ಇನ್ನೊಂದು ಪೆಟ್ಟಿದೆ. ಬ್ರಿಟನ್ ಬಿಟ್ಟು ಭಾರತದಲ್ಲಿ ನೆಲೆಸಿದರೆ ಪೆನ್ಷನ್ ಬರುತ್ತದೆ, ಆದರೆ ವರ್ಷ ವರ್ಷ ಏರುವುದಿಲ್ಲ. 2016ರಲ್ಲಿ ವಾರಕ್ಕೆ 155.65 ಪೌಂಡ್ ಶುರುವಾಗಿ ಊರಿಗೆ ಬಂದವರಿಗೆ ಇವತ್ತಿಗೂ 155.65. ಅಮೆರಿಕದಲ್ಲೋ ಯುರೋಪಿನಲ್ಲೋ ನೆಲೆಸಿದವರಿಗೆ ಏರುತ್ತದೆ, ಭಾರತ, ಆಸ್ಟ್ರೇಲಿಯಾ, ಕೆನಡಾದಲ್ಲಿರುವವರಿಗೆ ಏರುವುದಿಲ್ಲ. ಊರಿಗೆ ಬಂದು ಮನೆ ಮಾಡಿದ ಮೇಲೆ ಇದನ್ನು ತಿಳಿದುಕೊಂಡವರು ನನಗೆ ಗೊತ್ತಿದ್ದಾರೆ. ಇವರಿಗೂ ಯಾರೂ ಕರೆದು ಹೇಳಿರಲಿಲ್ಲ.

ಹಾಗೆಯೇ ಬೆಂಗಳೂರಿನಿಂದ ಇಲ್ಲಿಗೆ ಐಟಿ ಕೆಲಸಕ್ಕೆ, ನರ್ಸಿಂಗ್ ಕೆಲಸಕ್ಕೆ ಬಂದಿರುವ ಹುಡುಗಿಯರಿಗೆ ಒಂದು ಮಾತು. ಪೆನ್ಷನ್ ಸಿಗಬೇಕಾದರೆ ಕನಿಷ್ಠ 10 ವರ್ಷದ ಸ್ಟಾಂಪ್ ಬೇಕು, ಪೂರ್ತಿ ಸಿಗಲು 35 ವರ್ಷ ಬೇಕು. 2026ರ ಏಪ್ರಿಲ್‌ನಿಂದ ವಯಸ್ಸು 66ರಿಂದ 67ಕ್ಕೆ ಏರಲು ಶುರುವಾಗುತ್ತದೆ, 2028ಕ್ಕೆ 67 ಆಗುತ್ತದೆ. ಸರ್ಕಾರದ ವೆಬ್‌ಸೈಟಿನಲ್ಲಿ ನಿಮ್ಮ ಹೆಸರಿನ ಲೆಕ್ಕ ನೋಡಬಹುದು, ಎಷ್ಟು ವರ್ಷ ಕಟ್ಟಿದ್ದೀರಿ, ಯಾವ ತಾರೀಖಿಗೆ ಸಿಗುತ್ತದೆ ಎಲ್ಲ ಬರುತ್ತದೆ. ಈ ವಾರವೇ ನೋಡಿ, ನೋಡಿ ಬರೆದಿಟ್ಟುಕೊಳ್ಳಿ. ನನ್ನ ಸೊಸೆಗೆ ನಾನೇ ಪಕ್ಕದಲ್ಲಿ ಕೂತು ತೆಗೆಸಿದೆ. ಎರಡು ವರ್ಷ ಖಾಲಿ ಇದ್ದವು.

ಸಂಪಾದಕರೇ, ಆ ತಲೆಬರಹವನ್ನು ದಯವಿಟ್ಟು ತಿದ್ದಿ ಇನ್ನೊಮ್ಮೆ ಹಾಕಿ. 2025ರ ಡಿಸೆಂಬರ್‌ನಲ್ಲಿ ಲಂಡನ್ನಿನ ಹೈಕೋರ್ಟಿನಲ್ಲಿ ವಿಚಾರಣೆ ಇಟ್ಟಿದ್ದಾರೆ. ಅದು ನಡೆದರೆ ನಾನೂ ಪಕ್ಕದ ಮನೆಯವರೂ ಬೆಳಗಿನ ರೈಲಿಗೆ ಹೋಗಿ, ವಾಸ್ಪಿಯ ನೇರಳೆ ಪಟ್ಟಿ ಹಾಕಿಕೊಂಡು ಬಾಗಿಲ ಹೊರಗೆ ನಿಲ್ಲುತ್ತೇವೆ. ಅವರ ಮಂಡಿಗೆ ಆಪರೇಷನ್ ಆಗಿ ಇನ್ನೂ ನಾಲ್ಕು ತಿಂಗಳು, ಅದಕ್ಕೆ ಮಡಚುವ ಕುರ್ಚಿ ಒಂದನ್ನು ನಾನು ಹೊತ್ತುಕೊಂಡು ಹೋಗುತ್ತೇನೆ.

ನಿಮ್ಮ ಹಳೆಯ ಓದುಗಿ,
ಲೆಸ್ಟರ್, ಇಂಗ್ಲೆಂಡ್
ನವೆಂಬರ್ 2025